ನಿಯತ್ತು: ಅರಬ್ಬಿಯಿಂದ ಸಗರನಾಡಿಗೆ ಬಂದ ಮಾತು

ಯಾದಗಿರಿ, ಶಹಾಪುರ, ಸುರಪುರದ ಕಡೆ ಒಬ್ಬ ಮನುಷ್ಯನನ್ನು ನಾಲ್ಕು ಜನರ ಎದುರು ಹೊಗಳುವುದಿದ್ದರೆ ಹೆಚ್ಚು ಮಾತು ಬೇಕಾಗುವುದಿಲ್ಲ. ‘ನಿಯತ್ತಿನ ಮನಿಷಾ’ ಎಂದರೆ ಸಾಕು. ಅಡತಿ ಅಂಗಡಿಯಲ್ಲಿ ತೊಗರಿಯ ತೂಕ ಸರಿಯಾಗಿ ಹಿಡಿಯುವವನು, ಹೊಲದಲ್ಲಿ ಯಜಮಾನ ಇಲ್ಲದಾಗಲೂ ಕುಂಟೆ ನಿಲ್ಲಿಸದವನು, ಕೊಟ್ಟ ಸಾಲವನ್ನು ಕೇಳುವ ಮೊದಲೇ ತಿರುಗಿಸುವವನು ಎಲ್ಲರೂ ನಿಯತ್ತಿನವರೇ. ನಾಯಿಯೂ ನಿಯತ್ತಿನ ಪ್ರಾಣಿ. ದಕ್ಷಿಣದ ಮೈಸೂರು ಸೀಮೆಯವರಿಗೂ ಈ ಪದ ಹೊಸದಲ್ಲ. ಆದರೆ ಕೃಷ್ಣೆ ಮತ್ತು ಭೀಮೆಯ ನಡುವಿನ ಈ ಸಗರನಾಡಿನಲ್ಲಿ ಅದರ ಬಳಕೆಗೆ ಇರುವ ಒತ್ತೇ ಬೇರೆ. ಅದಕ್ಕೆ ಕಾರಣವೂ ಇದೆ. ಈ ಪದ ಹುಟ್ಟಿದ್ದು ಅರಬ್ಬಿಯಲ್ಲಿ. ಅದು ಕನ್ನಡಕ್ಕೆ ಬಂದ ದಾರಿಗಳಲ್ಲಿ ಒಂದು ಈ ಊರುಗಳ ನಡುವೆಯೇ ಹಾದುಹೋಗಿದೆ.

ಅರಬ್ಬಿಯ ‘ನಿಯ್ಯತ್’ ಎಂದರೆ ಪ್ರಾಮಾಣಿಕತೆಯಲ್ಲ, ಸ್ವಾಮಿನಿಷ್ಠೆಯೂ ಅಲ್ಲ. ಅದರ ಅರ್ಥ ಉದ್ದೇಶ, ಸಂಕಲ್ಪ, ಒಂದು ಕೆಲಸಕ್ಕೆ ಕೈ ಹಾಕುವ ಮುಂಚೆ ಮನಸ್ಸಿನಲ್ಲಿ ನಿಂತಿರುವ ಗುರಿ. ಅದೇ ಮೂರು ಮೂಲಾಕ್ಷರಗಳಿಂದ ಖರ್ಜೂರದ ಬೀಜವನ್ನು ಸೂಚಿಸುವ ಪದವೂ ಆ ಭಾಷೆಯಲ್ಲಿದೆ. ಹಣ್ಣಿನ ಒಳಗೆ ಕಾಣದೆ ಕುಳಿತ ಗಟ್ಟಿ ಬೀಜ ಎಂಬ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ.

ಇಸ್ಲಾಮಿನ ಧರ್ಮಗ್ರಂಥಗಳಲ್ಲಿ ಕುರ್‌ಆನಿನ ನಂತರದ ಸ್ಥಾನ ಪ್ರವಾದಿಗಳ ನುಡಿ-ನಡೆಗಳ ಸಂಗ್ರಹಗಳಾದ ಹದೀಸ್‌ಗಳಿಗೆ. ಅವುಗಳಲ್ಲಿ ಹೆಚ್ಚು ಮಾನ್ಯವಾದದ್ದು ಮಧ್ಯ ಏಷ್ಯದ ಬುಖಾರಾ ನಗರದಲ್ಲಿ 810ರಲ್ಲಿ ಹುಟ್ಟಿದ ಇಮಾಮ್ ಬುಖಾರಿಯವರ ಸಂಗ್ರಹ. ಸಾವಿರಾರು ನುಡಿಗಳಿರುವ ಆ ಗ್ರಂಥ ತೆರೆದುಕೊಳ್ಳುವುದೇ ನಿಯ್ಯತ್ತಿನ ಮಾತಿನಿಂದ. ಕರ್ಮಗಳ ಬೆಲೆ ಅವುಗಳ ಹಿಂದಿನ ಉದ್ದೇಶವನ್ನು ಅವಲಂಬಿಸಿದೆ, ಪ್ರತಿಯೊಬ್ಬನಿಗೂ ಸಿಗುವುದು ಅವನು ಉದ್ದೇಶಿಸಿದ್ದೇ ಎಂಬುದು ಅದರ ತಾತ್ಪರ್ಯ. ಉದಾಹರಣೆಯಾಗಿ ಅಲ್ಲಿ ಬರುವುದು ವಲಸೆ. ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಹೊರಟವರೆಲ್ಲ ನಡೆದ ದಾರಿ ಒಂದೇ, ತುಳಿದ ಮರಳೂ ಒಂದೇ. ಆದರೆ ದೇವರಿಗಾಗಿ ಹೋದವನ ವಲಸೆ ದೇವರ ಕಡೆಗೆ, ಲಾಭಕ್ಕಾಗಿಯೋ ಮೆಚ್ಚಿದ ಹೆಣ್ಣನ್ನು ಮದುವೆಯಾಗುವುದಕ್ಕಾಗಿಯೋ ಹೋದವನ ವಲಸೆ ಅದರ ಕಡೆಗೆ. ಜ್ಞಾನದ ಮೂರನೆಯ ಒಂದು ಭಾಗ ಈ ಒಂದು ನುಡಿಯಲ್ಲಿದೆ ಎಂದು ಇಮಾಮ್ ಶಾಫಿಯವರು ಹೇಳಿದರೆಂದು ಪ್ರತೀತಿ. 13ನೇ ಶತಮಾನದಲ್ಲಿ ಸಿರಿಯಾದ ಇಮಾಮ್ ನವವಿ ಆಯ್ದ ನುಡಿಗಳ ಚಿಕ್ಕ ಪುಸ್ತಕ ಮಾಡಿದಾಗಲೂ ಮೊದಲಿಗೆ ಇಟ್ಟದ್ದು ಇದನ್ನೇ.

ಧರ್ಮಶಾಸ್ತ್ರಜ್ಞರು ಈ ತತ್ವವನ್ನು ದಿನದ ಬಾಳಿಗೆ ತಂದ ಬಗೆ ಸ್ವಾರಸ್ಯವಾಗಿದೆ. ಬಿಸಿಲಿನ ತಾಪಕ್ಕೆ ಮೈ ತಂಪಾಗಲೆಂದು ಒಬ್ಬ ಸ್ನಾನ ಮಾಡುತ್ತಾನೆ. ಇನ್ನೊಬ್ಬ ಪ್ರಾರ್ಥನೆಗೆ ಶುದ್ಧನಾಗಲೆಂದು ಮಾಡುತ್ತಾನೆ. ನೀರೂ ಅದೇ, ಮೈಯೂ ಅದೇ. ಒಂದು ಬರಿಯ ಅಭ್ಯಾಸ, ಇನ್ನೊಂದು ಉಪಾಸನೆ. ನಮಾಜು, ಉಪವಾಸ, ದಾನಗಳಿಗೆಲ್ಲ ಹಾಗೆಯೇ ಮೊದಲು ನಿಯ್ಯತ್ ಬೇಕು. ಅದನ್ನು ಬಾಯಿಬಿಟ್ಟು ಹೇಳಬೇಕೋ ಮನಸ್ಸಿನಲ್ಲಿದ್ದರೆ ಸಾಕೋ ಎಂಬ ಬಗ್ಗೆ ಪಂಡಿತರಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ಅದು ಇರುವ ಜಾಗ ಹೃದಯ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ನಮಾಜಿನಲ್ಲಿ ಓದುವುದು ಅರಬ್ಬಿಯಲ್ಲೇ ಆದರೂ ಅದರ ಹಿಂದಿನ ನಿಯ್ಯತ್ತಿಗೆ ಭಾಷೆಯ ಕಟ್ಟಳೆ ಇಲ್ಲ. ಅರಬ್ಬಿ ಬಾರದ ರೈತ ತನಗೆ ಬರುವ ಭಾಷೆಯಲ್ಲೇ ಸಂಕಲ್ಪ ಮಾಡಬಹುದು.

ಇಂಥ ಮಾತು ಸಗರನಾಡಿಗೆ ಬಂದದ್ದು ಹೇಗೆ? 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಸುಮಾರು 1400ರ ವೇಳೆಗೆ, ತೈಮೂರನ ದಾಳಿಯ ಸುದ್ದಿಗೆ ದಿಲ್ಲಿ ಬಿಟ್ಟು ಹೊರಟಿದ್ದ ಖ್ವಾಜಾ ಬಂದೇನವಾಜ್ ಗೇಸುದರಾಜ್ ಅಲ್ಲಿಗೆ ಬಂದು ನೆಲೆಸಿದರು. ಅರಬ್ಬಿ, ಪಾರ್ಸಿಗಳೆರಡರಲ್ಲೂ ಬರೆದ ವಿದ್ವಾಂಸರು ಅವರು. 1422ರಲ್ಲಿ ತೀರಿಕೊಂಡರು. ರಾಜಧಾನಿ ಬೀದರಿಗೆ ಹೋದ ಮೇಲೆ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ 1472ರಲ್ಲಿ ಮುಗಿಯಿತು. ಅದರ ಒಡೆದುಳಿದ ಗೋಡೆಗಳ ಮೇಲೆ ಬಣ್ಣದ ಹೆಂಚಿನ ಅರಬ್ಬಿ ಅಕ್ಷರಗಳು ಇನ್ನೂ ಕಾಣುತ್ತವೆ. ನಂತರ ಬಿಜಾಪುರದ ಆದಿಲಶಾಹಿ. ಶಹಾಪುರಕ್ಕೆ ಹತ್ತಿರದ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ. ಆದಿಲಶಾಹಿಯ ಮೊದಲ ಅರಸರಾದ ಯೂಸುಫ್, ಇಸ್ಮಾಯಿಲ್, ಇಬ್ರಾಹಿಂ ಮಣ್ಣಾದದ್ದು ಬಿಜಾಪುರದಲ್ಲಲ್ಲ, ಈ ಗೋಗಿಯಲ್ಲಿ. ಗೋಳಗುಮ್ಮಟ ನೋಡಲು ಹೋಗುವ ಪ್ರವಾಸಿಗಳಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ! ಬಿಜಾಪುರದ ಆಸಾರ್ ಮಹಲಿನಲ್ಲಿದ್ದ ಅರಬ್ಬಿ ಹಸ್ತಪ್ರತಿಗಳ ದೊಡ್ಡ ಭಂಡಾರವಂತೂ 19ನೇ ಶತಮಾನದ ನಡುವಿನಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನ ಗ್ರಂಥಾಲಯ ಸೇರಿತು.

ಆದರೆ ರಾಜರ ಮದರಸಾಗಳಿಂದ ಪದಗಳು ನೇರವಾಗಿ ಹೊಲಕ್ಕೆ ಇಳಿಯಲಿಲ್ಲ. ಆಡಳಿತದ ಭಾಷೆ ಪಾರ್ಸಿ, ಬೀದಿಯ ಭಾಷೆ ದಖನಿ. ಅರಬ್ಬಿ ಪದಗಳು ಅವೆರಡರ ಹೊಟ್ಟೆಯಲ್ಲಿ ಕುಳಿತು ಕನ್ನಡಕ್ಕೆ ಬಂದವು. ಕುಲಕರ್ಣಿಯ ಕಡತದಲ್ಲಿ, ಸುಂಕದ ಕಟ್ಟೆಯಲ್ಲಿ, ಪಂಚಾಯಿತಿಯಲ್ಲಿ ದಿನವೂ ಕೇಳಿ ಕೇಳಿ ಅವು ಮನೆಯ ಮಾತಾದವು. ತಾಲೂಕು, ಜಿಲ್ಲೆ, ವಕೀಲ, ಅರ್ಜಿ, ಹುಕುಂ, ಬಾಕಿ, ವಸೂಲಿ, ಹಕ್ಕು, ಕಾಯ್ದೆ ಎಲ್ಲವೂ ಮೂಲತಃ ಅರಬ್ಬಿ. ರೈತ ಎಂಬ ಪದವೂ ಅಲ್ಲಿಂದಲೇ ಬಂದದ್ದು. ಅಚ್ಚಕನ್ನಡವೆಂದು ಎಷ್ಟೋ ಜನ ನಂಬಿರುವ ‘ಕಸುಬು’ ಕೂಡ ಅರಬ್ಬಿಯ ‘ಕಸ್ಬ್’. ಗಳಿಕೆ, ದುಡಿದು ಪಡೆದದ್ದು ಎಂದು ಅದರರ್ಥ.

ಈ ‘ಕಸ್ಬ್’ ಎಂಬ ಮಾತಿನ ಹಿಂದೆಯೂ ಒಂದು ವಾದ ಇದೆ. ದೇವರನ್ನು ನಂಬಿದವನು ದುಡಿಯಬೇಕೆ, ಇಲ್ಲ ಅವನ ಮೇಲೆ ಭಾರ ಹಾಕಿ ಕೂರಬೇಕೆ? ದುಡಿಮೆ ನಂಬಿಕೆಯ ಕೊರತೆ ಎಂದ ವಿರಕ್ತರು ಎಂಟನೇ ಶತಮಾನದ ಇರಾಕಿನಲ್ಲಿದ್ದರು. ಅವರಿಗೆ ಉತ್ತರವಾಗಿ ಅಬೂ ಹನೀಫಾರ ಶಿಷ್ಯ ಶೈಬಾನಿಯವರ ಹೆಸರಿನಲ್ಲಿ ಗಳಿಕೆಯ ಬಗೆಗೇ ಒಂದು ಗ್ರಂಥ ಬಂದಿದೆ. ತನ್ನ ಮತ್ತು ತನ್ನನ್ನು ನಂಬಿದವರ ಹೊಟ್ಟೆಗಾಗಿ ದುಡಿಯುವುದು ಐಚ್ಛಿಕವಲ್ಲ, ಕರ್ತವ್ಯ ಎಂಬುದು ಅಲ್ಲಿಯ ನಿಲುವು. ಮೂರು ಶತಮಾನಗಳ ನಂತರ ಘಜಾಲಿ ತಮ್ಮ ಮಹಾಗ್ರಂಥದಲ್ಲಿ ಗಳಿಕೆಗೆ ಒಂದು ಭಾಗ, ನಿಯ್ಯತ್ತಿಗೆ ಇನ್ನೊಂದು ಭಾಗ ಮೀಸಲಿಟ್ಟರು. ದುಡಿಮೆ ಸರಿ, ಆದರೆ ಯಾಕಾಗಿ ದುಡಿಯುತ್ತಿದ್ದೀಯೆ ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ.

ಇದೇ ಪ್ರಶ್ನೆ ಸಗರನಾಡಿನಲ್ಲಿ ಅರಬ್ಬಿ ಪದ ಬರುವುದಕ್ಕೆ ಮುಂಚೆಯೇ ಕನ್ನಡದಲ್ಲಿ ಎದ್ದಿತ್ತು. ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ನೇಯ್ಗೆ ಅವನ ಕಸುಬು, ಊರಿನ ರಾಮನಾಥ ಅವನ ಅಂಕಿತ. ಬಸವಣ್ಣನಿಗಿಂತ ಹಿಂದಿನವನು ಎಂಬುದನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಅವನ ಬಗ್ಗೆ ಒಂದು ಕಥೆ ಇದೆ. ಬಹಳ ದಿನ ಕುಳಿತು ನೇಯ್ದ ಬಟ್ಟೆಯನ್ನು ಸಂತೆಗೆ ಒಯ್ದರೆ ಕೊಳ್ಳುವವರಿಲ್ಲ. ಹಿಂತಿರುಗುವಾಗ ಮುದುಕ ಜಂಗಮನೊಬ್ಬ ಬೇಡಿದ, ದಾಸಿಮಯ್ಯ ಕೊಟ್ಟ. ಮುದುಕ ಅದನ್ನು ಅವನ ಕಣ್ಣೆದುರೇ ಹರಿದು ಚೂರು ಮಾಡಿದ. ದಾಸಿಮಯ್ಯನಿಗೆ ಸಿಟ್ಟು ಬರಲಿಲ್ಲ. ಬಂದವನು ಶಿವ, ಮೆಚ್ಚಿ ತವನಿಧಿ ಕೊಟ್ಟ ಎಂದು ಕಥೆ ಮುಗಿಯುತ್ತದೆ. ತವನಿಧಿಗಿಂತ ಮುಖ್ಯವಾದದ್ದು ಹರಿದ ಬಟ್ಟೆ. ನೇಯ್ಗೆಯ ಫಲ ಕೈಬಿಟ್ಟಾಗಲೂ ನೇಯ್ದವನ ಮನಸ್ಸು ಹರಿಯಲಿಲ್ಲ ಎಂಬುದೇ ಪರೀಕ್ಷೆ.

ಕೃಷ್ಣೆಯ ಆಚೆ ದಡದ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಈ ಹೆಚ್ಚಳ ನಿನ್ನ ಮನಸ್ಸಿನಿಂದ ಬಂದದ್ದೋ, ಬಸವಣ್ಣನ ಅನುಮಾನದಿಂದ ಬಂದದ್ದೋ ಎಂದು ಕೇಳಿ, ಬೇಕಾದಷ್ಟೇ ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳುಹಿಸಿದಳು. ಇಲ್ಲಿ ಕಳ್ಳತನದ ಮಾತಿಲ್ಲ. ಅಕ್ಕಿ ಬಿದ್ದದ್ದೇ, ಆಯುವುದಕ್ಕೆ ಒಪ್ಪಿಗೆಯೂ ಇತ್ತು. ತಪ್ಪು ಇದ್ದರೆ ಅದು ಆಯುವ ಕೈಯಲ್ಲಿರಲಿಲ್ಲ, ಆಸೆಯಲ್ಲಿತ್ತು. ಬುಖಾರಿಯ ಮೊದಲ ನುಡಿಯನ್ನು ಲಕ್ಕಮ್ಮನಿಗೆ ಯಾರೂ ಓದಿ ಹೇಳಿರಲಿಲ್ಲ. ಹೇಳಿದ್ದರೆ ಅವಳಿಗೆ ಅದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲವೇನೋ.

ಈ ಎರಡು ಧಾರೆಗಳು ಕೂಡಿದ ಜಾಗಗಳು ಇದೇ ಸೀಮೆಯಲ್ಲಿವೆ. ಕೊಡೇಕಲ್ಲಿನ ಬಸವಣ್ಣನ ಪರಂಪರೆ, ತಿಂಥಣಿಯ ಮೌನೇಶ್ವರನ ಜಾತ್ರೆ ಎರಡರಲ್ಲೂ ಶರಣರ ಮಾತಿನ ಜೊತೆ ಪೀರರ ಮಾತು ಬೆರೆತಿದೆ. ಮೊಹರಂನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುವ ‘ರಿವಾಯತ’ ಪದಗಳಿವೆ. ‘ರಿವಾಯತ್’ ಎಂಬುದೂ ಹದೀಸ್ ಪಂಡಿತರ ಪದವೇ. ಒಬ್ಬರಿಂದ ಒಬ್ಬರಿಗೆ ನುಡಿ ಸಾಗಿಬಂದ ಬಗೆಗೆ ಅವರು ಇಟ್ಟ ಹೆಸರು ಅದು. ಅರಬ್ಬಿಯ ಒಂದು ಅಕ್ಷರವೂ ಬಾರದ ಕುರುಬರ, ಬೇಡರ ಹುಡುಗರು ಹೆಜ್ಜೆ ಹಾಕುತ್ತಾ ರಿವಾಯತ ಹಾಡುತ್ತಾರೆ.

ಅರಬ್ಬಿಯ ಅಕ್ಷರ ದುಡಿಮೆಯೊಳಕ್ಕೆ ಹೊಕ್ಕ ಬಗೆಗೆ ಇನ್ನೂ ಒಳ್ಳೆಯ ಸಾಕ್ಷಿ ಬಿಜಾಪುರದ ಸೂಫಿಗಳ ‘ಚಕ್ಕಿನಾಮಾ’ಗಳು. ಚಕ್ಕಿ ಎಂದರೆ ಬೀಸುವ ಕಲ್ಲು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತ ತಮ್ಮ 1978ರ ಪುಸ್ತಕದಲ್ಲಿ ಈ ಹಾಡುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಹಿಟ್ಟು ಬೀಸುವಾಗ, ರಾಟೆ ತಿರುಗಿಸುವಾಗ, ಮಗುವನ್ನು ಮಲಗಿಸುವಾಗ ಹೆಂಗಸರು ಹಾಡಿಕೊಳ್ಳಲೆಂದು ದಖನಿಯಲ್ಲಿ ಕಟ್ಟಿದ ಸರಳ ಪದಗಳು ಇವು. ಅವುಗಳಲ್ಲಿ ಬೀಸುವ ಕಲ್ಲಿನ ಗೂಟ ಅರಬ್ಬಿಯ ಮೊದಲಕ್ಷರ ಅಲಿಫ್ ಆಗುತ್ತದೆ. ನೆಟ್ಟಗೆ ನಿಂತ ಒಂದು ಗೆರೆ, ದೇವರ ಹೆಸರಿನ ಆರಂಭ. ಮದರಸಾದ ಹೊಸ್ತಿಲು ತುಳಿಯದ ಹೆಣ್ಣುಮಗಳು ನಸುಕಿನಲ್ಲಿ ಜೋಳ ಬೀಸುತ್ತಾ ಹಿಡಿದಿದ್ದ ಗೂಟವೇ ಅವಳ ಪಾಲಿಗೆ ಪಾಠದ ಮೊದಲ ಅಕ್ಷರ. ಪಂಡಿತರ ದೊಡ್ಡ ಗ್ರಂಥಗಳಿಗಿಂತ ಈ ಹಾಡುಗಳು ಇಸ್ಲಾಮನ್ನು ಜನರ ಮನೆಯೊಳಗೆ ಒಯ್ದವು ಎಂಬುದು ಈಟನ್ ಅವರ ವಾದ. ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಬೀಸುವ ಕಲ್ಲಿನ ಕನ್ನಡ ಪದ ಕೇಳುತ್ತಿತ್ತೆಂಬುದನ್ನು ಉತ್ತರ ಕರ್ನಾಟಕದ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಈಗ ಮತ್ತೆ ನಿಯತ್ತಿಗೆ ಬರೋಣ. ಅರಬ್ಬಿಯಲ್ಲಿ ಅದು ಉದ್ದೇಶ. ಉರ್ದುವಿನಲ್ಲೂ ಉದ್ದೇಶವೇ, ಅದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಕನ್ನಡಕ್ಕೆ ಬರುವ ಹೊತ್ತಿಗೆ ಅದು ಒಳ್ಳೆಯ ಉದ್ದೇಶವಷ್ಟೇ ಆಯಿತು, ಮುಂದೆ ಪ್ರಾಮಾಣಿಕತೆ ಆಯಿತು, ಕೊನೆಗೆ ಉಂಡ ಮನೆಗೆ ಎರಡು ಬಗೆಯದ ಗುಣವಾಯಿತು. ಅದರ ಜೊತೆಯ ಪದಗಳ ಗತಿಯೂ ಹೆಚ್ಚುಕಡಿಮೆ ಹೀಗೆಯೇ. ‘ಈಮಾನ್’ ದೇವರಲ್ಲಿಟ್ಟ ವಿಶ್ವಾಸ. ಇಲ್ಲಿ ‘ಇಮಾನದಾರ’ ಎಂದರೆ ನಂಬಿಕಸ್ಥ ಆಳು. ‘ಹರಾಮ್’ ಧರ್ಮ ನಿಷೇಧಿಸಿದ್ದು; ಇಲ್ಲಿ ಅದು ದುಡಿಯದೆ ತಿನ್ನುವವನ ಮೇಲಿನ ಬೈಗುಳ. ಮನುಷ್ಯ ಮತ್ತು ದೇವರ ನಡುವಿನ ಪದಗಳೆಲ್ಲ ಆಳು ಮತ್ತು ಒಡೆಯನ ನಡುವಿನ ಪದಗಳಾದವು.

ಈ ಬದಲಾವಣೆ ಚಿಕ್ಕದಲ್ಲ. ಮೂಲದ ನಿಯ್ಯತ್ ಇನ್ನೊಬ್ಬರಿಗೆ ಕಾಣುವಂಥದ್ದಲ್ಲ. ಅದರ ತೀರ್ಪು ದೇವರದ್ದು ಮಾತ್ರ. ಹಾಗಾಗಿ ಅದು ಬಡವನಿಗೂ ಸುಲ್ತಾನನಿಗೂ ಒಂದೇ. ಗೌಡರ ಅಂಗಳಕ್ಕೆ ಬಂದ ನಿಯತ್ತಿನ ತೀರ್ಪು ಗೌಡರದ್ದಾಯಿತು. ಜೀತಕ್ಕಿದ್ದವನ ನಿಯತ್ತನ್ನು ಒಡೆಯ ಅಳೆಯುತ್ತಿದ್ದ. ಒಡೆಯನ ನಿಯತ್ತನ್ನು ಅಳೆಯುವ ಅಧಿಕಾರ ಜೀತದಾಳಿಗೆ ಇರಲಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುತ್ತಾ, ಓಡಿಹೋಗದೆ ಉಳಿದರೆ ನಿಯತ್ತಿನವನು, ಓಡಿಹೋದರೆ ನಿಯತ್ತಿಲ್ಲದವನು. 1976ರ ಕಾನೂನು ಜೀತಪದ್ಧತಿಯನ್ನು ರದ್ದು ಮಾಡಿತು. ಪದಕ್ಕೆ ಅಂಟಿದ ಈ ವಾಸನೆ ಅಷ್ಟು ಬೇಗ ಹೋಗುವಂಥದ್ದಲ್ಲ. ಕಾಯಕಕ್ಕೂ ಇಂಥದೇ ಗತಿ ಬಂದಿದೆ. ಲಕ್ಕಮ್ಮ ತನ್ನ ಗಂಡನಿಗೆ, ತನ್ನ ಮನೆಯೊಳಗೆ ಕೇಳಿದ ಪ್ರಶ್ನೆ ಅದು. ಈಗ ಅದನ್ನು ಫಲಕ ಬರೆಸಿ ತೂಗುಹಾಕುವವರು ಹೆಚ್ಚಾಗಿ ಇನ್ನೊಬ್ಬರಿಂದ ಕೆಲಸ ತೆಗೆಯುವವರು.

ಕೆಲಸದ ಪ್ರೇರಣೆಯ ಬಗ್ಗೆ ಆಧುನಿಕ ಮನಶ್ಶಾಸ್ತ್ರವೂ ಒಂದೆರಡು ಮಾತು ಹೇಳಿದೆ. ಅಮೆರಿಕದ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಡಲಾಯಿತು. ಕೆಲವರಿಗೆ ಬಿಡಿಸಿದ್ದಕ್ಕೆ ಹಣ ಕೊಟ್ಟು, ಆಮೇಲೆ ನಿಲ್ಲಿಸಲಾಯಿತು. ಹಣ ನಿಂತ ಮೇಲೆ ಬಿಡುವಿನ ಸಮಯದಲ್ಲಿ ಅವರು ಒಗಟಿನ ಕಡೆ ಮುಂಚಿನಷ್ಟು ಗಮನ ಕೊಡಲಿಲ್ಲ. ಹಣ ಸಿಗದವರ ಆಸಕ್ತಿ ಹಾಗೆ ಇಳಿಯಲಿಲ್ಲ. ಹೊರಗಿನ ಬಹುಮಾನ ಒಳಗಿನ ಖುಷಿಯನ್ನು ತಿನ್ನಬಹುದು ಎಂಬುದು ಇದರಿಂದ ಹೊರಟ ತೀರ್ಮಾನ. ದಾಸಿಮಯ್ಯನ ಕಥೆ ಬಲ್ಲವರಿಗೆ ಇದು ಆಶ್ಚರ್ಯವಾಗಲಾರದು. ಆದರೆ ಒಗಟು ಬಿಡಿಸುವ ವಿದ್ಯಾರ್ಥಿಯ ಪಾಠವನ್ನು ಹತ್ತಿ ಬಿಡಿಸುವ ಕೂಲಿಯವಳಿಗೆ ಹೇಳಹೊರಟರೆ ಅದು ಅಪಹಾಸ್ಯವಾದೀತು. ಕೂಲಿ ಸರಿಯಾಗಿ ಸಿಕ್ಕ ಮೇಲೆ ಒಳಗಿನ ಖುಷಿಯ ಮಾತು. ಶೈಬಾನಿ ಹೊಟ್ಟೆಪಾಡನ್ನು ಕರ್ತವ್ಯವೆಂದದ್ದು ಇದಕ್ಕೇ ಇರಬೇಕು.

ಉದ್ದೇಶದ ಪ್ರಶ್ನೆ ಇನ್ನೂ ತೊಡಕಾಗುವುದು ಅರಬ್ಬಿ ಕಲಿಕೆಯ ವಿಷಯದಲ್ಲಿ. ದಖ್ಖನ್ನಿನ ಮುಸಲ್ಮಾನ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಮಾಡುವ ಪದ್ಧತಿ ಇದೆ. ನಮ್ಮ ಅಕ್ಷರಾಭ್ಯಾಸದ ಹಾಗೆ. ಆಮೇಲೆ ಮಸೀದಿಯ ಮಕ್ತಬ. ಮೊದಲ ಪುಸ್ತಕ ‘ಕಾಯಿದಾ’. ದಖನಿ ನಾಲಗೆಯಲ್ಲಿ ಅದು ‘ಖಾಯಿದಾ’. ಸರ್ಕಾರದ ಕಾಯ್ದೆಯೂ ಮಗುವಿನ ಈ ಬಾಲಬೋಧೆಯೂ ಒಂದೇ ಪದ ಎಂಬುದು ತಮಾಷೆಯೇ ಸರಿ. 28 ಅಕ್ಷರಗಳು, ಅವುಗಳ ಮೇಲೆ ಕೆಳಗೆ ಜಬರ್, ಜೇರ್, ಪೇಶ್ ಎಂಬ ಸ್ವರಚಿಹ್ನೆಗಳು, ಥೇಟು ಕನ್ನಡದ ಕಾಗುಣಿತದಂತೆ. ಉರ್ದುವಿನಲ್ಲಿ ಒಂದೇ ‘ಸ’ ಆಗಿ ಕೇಳುವ ಮೂರು ಅಕ್ಷರಗಳನ್ನು, ಒಂದೇ ‘ಜ಼’ ಆಗಿ ಕೇಳುವ ನಾಲ್ಕು ಅಕ್ಷರಗಳನ್ನು ಕುರ್‌ಆನ್ ಓದುವಾಗ ಬೇರೆ ಬೇರೆಯಾಗಿ ಉಚ್ಚರಿಸಬೇಕು. ಇದನ್ನು ಸಾಧಿಸುವುದೇ ಒಂದು ವಿದ್ಯೆ. ಮುಂದೆ 30 ಪಾರಾಗಳ ಓದು. ಕೆಲವರು ಅಷ್ಟನ್ನೂ ಬಾಯಿಪಾಠ ಮಾಡಿ ಹಾಫಿಜ್ ಆಗುತ್ತಾರೆ.

ಇಷ್ಟೆಲ್ಲ ಓದಿದ ಮಗುವಿಗೆ ಅರ್ಥ? ಸಾಮಾನ್ಯವಾಗಿ ಇಲ್ಲ. ಓದು ಬರುತ್ತದೆ, ಭಾಷೆ ಬರುವುದಿಲ್ಲ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡರೆ ವೇದಪಾಠಶಾಲೆಗಳನ್ನು ನೆನೆಯಬೇಕು. ಅಲ್ಲಿಯೂ ಸ್ವರ ತಪ್ಪದೆ ಸಾವಿರಾರು ಮಂತ್ರ ಹೇಳುವವರೆಲ್ಲರಿಗೂ ಅರ್ಥ ಗೊತ್ತಿರಬೇಕೆಂದಿಲ್ಲ. ಎರಡೂ ಪರಂಪರೆಗಳು ಇದನ್ನು ಗಮನಿಸದೆ ಬಿಟ್ಟಿಲ್ಲ. ವೇದವನ್ನು ಕಲಿತು ಅರ್ಥ ತಿಳಿಯದವನು ಭಾರ ಹೊತ್ತ ಕಂಬದಂತೆ ಎಂಬ ಮಾತು ಯಾಸ್ಕನ ನಿರುಕ್ತದಲ್ಲಿ ಬರುತ್ತದೆ. ಗ್ರಂಥ ಕೈಗೆ ಬಂದರೂ ಅದರಂತೆ ನಡೆಯದವರನ್ನು ಕುರ್‌ಆನ್ ಪುಸ್ತಕಗಳನ್ನು ಹೊತ್ತ ಕತ್ತೆಗೆ ಹೋಲಿಸುತ್ತದೆ. ಹಾಗೆಂದು ಅರ್ಥವಿಲ್ಲದ ಓದು ವ್ಯರ್ಥವೆಂದು ಆ ಧರ್ಮ ಹೇಳುವುದಿಲ್ಲ. ಪ್ರತಿ ಅಕ್ಷರಕ್ಕೂ ಪುಣ್ಯವಿದೆ ಎಂಬ ಹದೀಸೂ ಇದೆ. ಅರಬ್ಬಿ ಬಾರದವರು ನಮಾಜಿನಲ್ಲಿ ಪಾರ್ಸಿ ಅನುವಾದ ಓದಬಹುದೆಂದು ಅಬೂ ಹನೀಫಾ ಒಮ್ಮೆ ಅಭಿಪ್ರಾಯಪಟ್ಟಿದ್ದರು. ಅವರ ಶಿಷ್ಯರೇ ಅದನ್ನು ಅರಬ್ಬಿ ಉಚ್ಚರಿಸಲಾರದವರಿಗಷ್ಟೇ ಸೀಮಿತಗೊಳಿಸಿದರು. ಅರ್ಥ ಬೇಕೆನ್ನುವ ಕನ್ನಡಿಗರಿಗೆ ಈಗ ಮಂಗಳೂರಿನ ಶಾಂತಿ ಪ್ರಕಾಶನ ತಂದಿರುವ ಕುರ್‌ಆನಿನ ಕನ್ನಡ ಅನುವಾದ ಇದೆ.

ಕೆನಡಾದ ಗಾರ್ಡ್‌ನರ್ ಮತ್ತು ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ, ಮಾಂಟ್ರಿಯಲ್ಲಿನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನ ಮಕ್ಕಳನ್ನು ಪರಿಶೀಲಿಸಿ, ಇನ್ನೊಂದು ಭಾಷೆ ಕಲಿಯುವವರ ಪ್ರೇರಣೆಯಲ್ಲಿ ಎರಡು ಬಗೆ ಗುರುತಿಸಿದರು. ನೌಕರಿ, ವ್ಯಾಪಾರದಂಥ ಪ್ರಯೋಜನಕ್ಕಾಗಿ ಕಲಿಯುವುದು ಒಂದು. ಆ ಭಾಷೆಯ ಜನರೊಡನೆ ಬೆರೆಯುವ ಆಸೆಯಿಂದ ಕಲಿಯುವುದು ಇನ್ನೊಂದು. ಶಹಾಪುರದ ಮಕ್ತಬದ ಹುಡುಗಿ ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವಳಿಗೆ ಅರಬರೊಡನೆ ಬೆರೆಯಬೇಕಿಲ್ಲ, ಅರಬ್ಬಿಯಿಂದ ನೌಕರಿಯೂ ಬರುವುದಿಲ್ಲ. ಅವಳು ಕಲಿಯುವುದು ಒಂದು ಜನರ ಭಾಷೆಯನ್ನಲ್ಲ, ಒಂದು ಗ್ರಂಥದ ಧ್ವನಿಯನ್ನು.

ನೌಕರಿಗಾಗಿ ಕಲಿತ ಭಾಷೆಯ ಗತಿ ಏನಾಗುತ್ತದೆಂಬುದಕ್ಕೂ ಇದೇ ಸೀಮೆಯ ಚರಿತ್ರೆಯಲ್ಲಿ ಉದಾಹರಣೆ ಇದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಸೋತು ಸುರಪುರ ಬ್ರಿಟಿಷರ ಕೈಸೇರಿತು. 1860ರಲ್ಲಿ ಅವರು ಅದನ್ನು ಹೈದರಾಬಾದಿನ ನಿಜಾಮರಿಗೆ ಕೊಟ್ಟರು. 1948ರವರೆಗೂ ಅಲ್ಲಿಯ ಕಚೇರಿ, ಶಾಲೆಗಳಲ್ಲಿ ಉರ್ದುವಿನ ಆಳ್ವಿಕೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಕನ್ನಡ ಮನೆಮಾತಿನ ಬ್ರಾಹ್ಮಣ, ಲಿಂಗಾಯತ ಹುಡುಗರು ನೌಕರಿಗಾಗಿ ಅದನ್ನು ಚೆನ್ನಾಗಿ ಕಲಿತರು. 1956ರಲ್ಲಿ ಕಲಬುರಗಿ ಕನ್ನಡ ರಾಜ್ಯಕ್ಕೆ ಸೇರಿದ ಮೇಲೆ ಆ ಪ್ರಯೋಜನ ಹೋಯಿತು, ಅವರ ಮಕ್ಕಳಿಗೆ ಉರ್ದು ಲಿಪಿ ಅಪರಿಚಿತವಾಯಿತು. ಯಾವ ಸರ್ಕಾರದ ಹುಕುಮೂ ಇಲ್ಲದ ಮಕ್ತಬದ ಅರಬ್ಬಿ ಮಾತ್ರ ಆಗಲೂ ನಡೆಯಿತು, ಈಗಲೂ ನಡೆದಿದೆ.

ಅರಬ್ಬಿಗೂ ಒಂದು ಲೌಕಿಕ ಪ್ರಯೋಜನ ಬಂದದ್ದು 1970ರ ದಶಕದ ನಂತರ. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಕಟ್ಟಡದ ಕೆಲಸ ಹೆಚ್ಚಿದಾಗ ಭಾರತದಿಂದ ಲಕ್ಷಾಂತರ ಮಂದಿ ಹೋದರು. ಅಲ್ಲಿ ಒಂದು ಹೊಸ ಪಾಠ ಕಾದಿತ್ತು. ಮಕ್ತಬದಲ್ಲಿ ಕಲಿತ ಏಳನೇ ಶತಮಾನದ ಗ್ರಂಥಭಾಷೆಯಿಂದ ರಿಯಾದಿನ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಕೊಳ್ಳುವುದು ಕಷ್ಟ. ಅಲ್ಲಿಯ ಆಡುಮಾತೇ ಬೇರೆ. ದುಡಿಯಲು ಹೋದವರು ಅದನ್ನು ಕಿವಿಯಿಂದ ಹೊಸದಾಗಿ ಕಲಿತರು. ದುಡ್ಡಿಗಾಗಿ ಹೋದವನು ಅಲ್ಲಿದ್ದಾಗಲೇ ಹಜ್ ಮಾಡಿ ಬಂದರೆ ಅವನ ನಿಯ್ಯತ್ ಯಾವ ಲೆಕ್ಕಕ್ಕೆ? ಈ ಪ್ರಶ್ನೆಯೂ ಹಳೆಯದೇ. ಹಜ್ಜಿನ ವೇಳೆ ವ್ಯಾಪಾರ ಮಾಡುವುದು ಪಾಪವಲ್ಲವೆಂದು ಕುರ್‌ಆನಿನ ಎರಡನೇ ಅಧ್ಯಾಯದಲ್ಲೇ ಒಪ್ಪಿಗೆ ಇದೆ. ಬೆರಕೆ ಉದ್ದೇಶಗಳ ಮನುಷ್ಯನನ್ನು ಗ್ರಂಥ ತಳ್ಳಿಹಾಕಿಲ್ಲ.

ಕೊಲ್ಲಿಗೆ ಹೋಗುವುದು ಕೆಲವರಿಗೆ ಮಾತ್ರ ಒದಗುವ ಭಾಗ್ಯ. ಸಗರನಾಡಿನ ಹೆಚ್ಚಿನ ವಲಸೆ ಇನ್ನೊಂದು ಬಗೆಯದು. ಅದರ ಹೆಸರು ಗುಳೇ. 1980ರ ದಶಕದಲ್ಲಿ ನಾರಾಯಣಪುರದ ಬಸವಸಾಗರದಿಂದ ಕಾಲುವೆ ಬಂದು ಸುರಪುರ, ಶಹಾಪುರಗಳ ಒಂದು ಪಾಲಿನಲ್ಲಿ ಭತ್ತ ಬೆಳೆಯತೊಡಗಿದರೂ ಮಳೆ ನಂಬಿದ ಊರುಗಳವರು, ತಾಂಡಾಗಳವರು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗಳ ದಾರಿ ಹಿಡಿಯುವುದು ನಿಂತಿಲ್ಲ. 2009-10ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾದ ಮೇಲೂ ಇದು ಮುಂದುವರಿದಿದೆ. ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡು ಹೋದವರು ನಡುವೆ ಬಿಟ್ಟು ಬಂದರೆ ‘ನಿಯತ್ತಿಲ್ಲ’ ಎನ್ನಿಸಿಕೊಳ್ಳುತ್ತಾರೆ. ಕೂಲಿಯ ಬಾಕಿ ಉಳಿಸಿಕೊಂಡ ಮೇಸ್ತ್ರಿಯ ಬಗ್ಗೆ ಅದೇ ಪದವನ್ನು ಈಗ ಕೂಲಿಯವರೂ ಗಟ್ಟಿಯಾಗಿಯೇ ಬಳಸುತ್ತಾರೆ. ಬೆಂಗಳೂರಿನ ಕಟ್ಟಡದ ಕೆಳಗೆ ಬೆಳಿಗ್ಗೆ ಮೇಸ್ತ್ರಿ ಚಿಕ್ಕ ನೋಟುಪುಸ್ತಕ ತೆಗೆದು ಹೆಸರು ಕೂಗಿ ಹಾಜರಿ ಹಿಡಿಯುತ್ತಾನೆ. ಹಾಜರಿಯ ಮೂಲ ‘ಹಾಜಿರ್’, ಅದೂ ಅರಬ್ಬಿ. ಊರಿನ ಮಕ್ತಬದಲ್ಲಿ ಮಕ್ಕಳ ಹೆಸರು ಕೂಗಿ ಉಸ್ತಾದರು ತೆಗೆದುಕೊಳ್ಳುವುದೂ ಅದನ್ನೇ.